ಅವ್ವನ ತಲೆದಿಂಬಿನ ಬಟ್ಟೆ

ಒಳಗಿದ್ದ ಬೂರುಗದ ಹತ್ತಿಯನ್ನೆಲ್ಲ ಬುಟ್ಟಿಗೆ ಸುರಿದು, ದಿಂಬಿನ ಗವುಸನ್ನು ಒಳಮೈ ಹೊರಗೆ ಮಾಡಿದ್ದಷ್ಟೇ, ಬ್ಲಿಯಾಳ ಕೈ ಅಲ್ಲೇ ನಿಂತುಬಿಟ್ಟಿತು.

ಜಿಪ್ಪು ಕೆಟ್ಟ ಆರು ದಿಂಬುಗಳನ್ನು ಅಂಗಡಿಯ ಒಡತಿ ವಿಲಾಯ್ ಬೆಳಿಗ್ಗೆ ಅವಳ ಹೊಲಿಗೆ ಯಂತ್ರದ ಪಕ್ಕಕ್ಕೆ ಎಸೆದಿದ್ದಳು. ನದಿ ದಂಡೆಯ ವಸತಿಗೃಹದವು, ಜಗಲಿಯ ಬೆತ್ತದ ಕುರ್ಚಿಗಳ ಮೇಲೆ ಇಡುವಂಥವು. ಇದು ಮೂರನೆಯದು. ಬಿಸಿಲಿಗೆ ಬಣ್ಣ ಮಾಸಿ, ಮೇಲೆ ಕಾಫಿ ಚೆಲ್ಲಿ, ನಾಲ್ಕೂ ಅಂಚು ಹೊಲಿಗೆಯೊಳಗೆ ಮಡಚಿಹೋಗಿ ಹೊರಗಿನಿಂದ ಅವಳಿಗೆ ಗುರುತೇ ಹತ್ತಿರಲಿಲ್ಲ. ಬಸವನಹುಳದ ಸುರುಳಿಯ ಕಸೂತಿಯನ್ನು ಬೆಟ್ಟದ ಮೇಲೆ ಯಾವ ಹೆಂಗಸು ಹಾಕುವುದಿಲ್ಲ? ಆದರೆ ಕಸೂತಿಯ ಒಳಮೈ ಸುಳ್ಳು ಹೇಳುವುದಿಲ್ಲ. ನಾಲ್ಕನೆಯ ಮೂಲೆಗೆ ಬರುವಷ್ಟರಲ್ಲಿ ಕೆಂಪು ನೂಲು ಮುಗಿದು, ತನ್ನ ಮದುವೆಯ ಲಂಗದ ಅಂಚಿನಿಂದಲೇ ಕಿತ್ತು ತೆಗೆದ ನೂಲು ಅಲ್ಲಿತ್ತು. ಎರಡೆರಡು ಸಲ ಬಿಗಿದ ಅವಳದೇ ಗಂಟುಗಳಿದ್ದವು.

ಅವ್ವನಿಗೆಂದು ಕಸೂತಿ ಹಾಕಿದ ಬಟ್ಟೆ ಅದು. ಮೂರು ವರ್ಷದ ಕೆಲಸ. ಮದುವೆಯಾಗಿ ಹೋದ ಮಗಳು ತಾಯಿ ಬದುಕಿರುವಾಗಲೇ ಹಾಕಿ ಕೊಡಬೇಕು, ತಾಯಿ ಸತ್ತ ದಿನ ಅದನ್ನು ಅವಳ ತಲೆಯ ಕೆಳಗಿಟ್ಟು ಕಳಿಸಬೇಕು. ಅಲ್ಲಿ ತೀರಿಹೋದ ಹಿರಿಯರು ಈ ಹೊಲಿಗೆ ನೋಡಿಯೇ ಇವಳು ನಮ್ಮವಳು ಎಂದು ಒಳಗೆ ಕರೆದುಕೊಳ್ಳುತ್ತಾರೆ. ಕೊಡುವುದು ಒಂದೇ ಸಲ. ಕೊಟ್ಟ ದಿನ ಅವ್ವ ಕೋಳಿ ಕೊಯ್ದಿದ್ದಳು.

ಇದರ ಮೇಲೆ ಯಾರು ಯಾರೋ ಕೂತಿದ್ದರು! ಬ್ಲಿಯಾಳ ಕಿವಿಯವರೆಗೂ ಬೆಂಕಿ ಏರಿತು. ಕತ್ತರಿ ತೆಗೆದು ಜಿಪ್ಪನ್ನು ಚರಕ್ಕನೆ ಸೀಳಿ ಕಿತ್ತಳು.

"ಏನೇ ಇದು! ಹೊಸ ಜಿಪ್ಪು ಹಾಕು ಅಂದ್ರೆ ಗವುಸೇ ಹರೀತಿದ್ದೀಯಲ್ಲ!" ವಿಲಾಯ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದಳು.

"ಇದು ಎಲ್ಲಿ ಸಿಕ್ತು ನಿಮಗೆ?"

"ಸಿಗೋದೇನು? ನಿನ್ನ ತಮ್ಮನೇ ತಂದು ಕೊಟ್ಟ, ಹೋದ ವರ್ಷ. ಹಳೇ ಲಂಗಗಳ ಗಂಟಿನ ಜೊತೆ. ಮನೇಲಿ ಯಾರಿಗೂ ಬೇಡ ಅಂದ."

"ಯಾರಿಗೂ ಬೇಡ ಅಂದ್ನಾ? ಅಕ್ಕಾ, ಇದು ಹೆಣದ ತಲೆ ಕೆಳಗೆ ಇಡೋ ಬಟ್ಟೆ. ನಮ್ಮವ್ವಂದು. ನೀವು ಇದನ್ನ ಕಂಡೋರ ಕುಂಡೆ ಕೆಳಗೆ ಇಟ್ಟಿದ್ದೀರಿ!"

ವಿಲಾಯ್‌ಳ ಮುಖ ಒಂದು ಗಳಿಗೆ ಸಣ್ಣದಾಯಿತು. ಆದರೆ ವ್ಯಾಪಾರದ ನಾಲಗೆ ಎಷ್ಟು ಹೊತ್ತು ಸುಮ್ಮನಿದ್ದೀತು? "ಕೂತವರಿಗೆ ಗೊತ್ತಾ? ಅವರು ಚಂದ ನೋಡ್ತಾರೆ ಅಷ್ಟೆ. ಆರರ ಸೆಟ್ಟು ಕಣೇ, ಒಂದು ಕಮ್ಮಿಯಾದ್ರೆ ಒಪ್ಪಲ್ಲ ಅವರು."

"ನನಗೆ ಗೊತ್ತಲ್ಲ! ಬೇರೆ ಒಂದು ಹಾಕ್ಕೊಡ್ತೀನಿ. ಅಲ್ಲೀವರೆಗೂ ಐದು ಜನ ಕೂರ್ಲಿ, ಆರನೆಯೋನು ನಿಂತ್ಕೊಳ್ಲಿ."

ಗವುಸನ್ನು ಮಡಚಿ ರವಿಕೆಯೊಳಗೆ ತುರುಕಿಕೊಂಡು, ವಿಲಾಯ್ ಕೂಗುತ್ತಿದ್ದಂತೆಯೇ ಅವಳು ಬೆಟ್ಟದ ಕಡೆಯ ವಾಹನ ಹತ್ತಿದಳು.

ತವರಿನ ಒಲೆಯ ಮುಂದೆ ತಮ್ಮ ಚೆಂಗ್ ಸಾಸಿವೆ ಸೊಪ್ಪಿನ ಸಾರಿನಲ್ಲಿ ಅನ್ನ ಕಲಸಿ ಉಣ್ಣುತ್ತಿದ್ದ. ಅವ್ವ ಗೋಡೆಗೊರಗಿ ಕೂತಿದ್ದಳು. ಕಣ್ಣು ಮಂಜಾಗಿ ಎರಡು ವರ್ಷ, ಈ ಚಳಿಗಾಲದಿಂದ ಉಸಿರೂ ಕಷ್ಟ. "ಇದು ಕುರ್ಚಿ ದಿಂಬಾಗಿತ್ತು ಕಣೋ," ಎಂದು ಬ್ಲಿಯಾ ಬಟ್ಟೆಯನ್ನು ತಮ್ಮನ ಮುಂದೆ ಹಿಡಿದಳು.

ಅವನು ತುತ್ತು ನುಂಗಿದ. "ಅಕ್ಕ, ಪೆಟ್ಟಿಗೇಲಿ ಸುಮ್ನೆ ಹುಳ ಹಿಡೀತಿತ್ತು. ಆಗ ಅವ್ವ ಗಟ್ಟಿಯಾಗೇ ಇದ್ಳಲ್ಲ. ಅವಳು ಹೋಗೋ ಹೊತ್ತಿಗೆ ನೀನು ಇನ್ನೊಂದು ಹಾಕ್ತಿದ್ದೆ ಬಿಡು."

"ಇನ್ನೊಂದಾ? ಹುಟ್ಟಿಸಿದ ಮಕ್ಕಳಲ್ಲಿ ಒಂದು ಹೋದ್ರೆ ಇನ್ನೊಂದು ಹುಟ್ಟಿಸ್ತೀಯೇನೋ ನೀನು? ಅವ್ವನ್ನ ಬರಿತಲೇಲಿ ಕಳಿಸೋಣ ಅಂತಿದ್ಯಾ? ಅಲ್ಲಿ ಅವರು ಯಾರಮ್ಮ ನೀನು ಅಂತ ಕೇಳಿದ್ರೆ ಏನಂತಾಳೆ, ನನ್ನ ಮಗ ಮಾರ್ಕೊಂಡ ಅಂತಾಳಾ?"

"ಹಾಕಿಕೊಟ್ಟು ಹೋದೋಳು ವರ್ಷಕ್ಕೆ ಎಷ್ಟು ಸಲ ಬಂದೆ ನೀನು? ಇವಳನ್ನ ಎತ್ತಿ ಕೂರಿಸೋನು ನಾನು," ಎಂದ ಚೆಂಗ್. ಆ ಮಾತು ಬ್ಲಿಯಾಳಿಗೆ ನಾಟಿತು. ನಾಟಿದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಿತು.

"ಎತ್ತಿ ಕೂರಿಸಿದ ಕೂಲಿ ಇದರಲ್ಲಿ ಮುರ್ಕೊಂಡ್ಯಾ?"

"ಸಾಕು," ಎಂದಳು ಅವ್ವ. "ಇಲ್ಲಿ ಕೊಡು."

ಬ್ಲಿಯಾ ಹತ್ತಿರ ಹೋಗಿ ಅದನ್ನು ಅವಳ ಮಡಿಲಿಗಿಟ್ಟಳು. ಮುದುಕಿಯ ಬೆರಳುಗಳು ಸುರುಳಿಯ ಮೇಲೆ ಹರಿದಾಡಿ, ನಾಲ್ಕನೆಯ ಮೂಲೆಯನ್ನು ಹುಡುಕಿಕೊಂಡು ಅಲ್ಲಿ ಸ್ವಲ್ಪ ಹೊತ್ತು ಕೂತವು. "ಇದೇ," ಎಂದಳು. ಆಮೇಲೆ ಮೂಗಿನ ಹತ್ತಿರ ತಂದು, "ಕಾಫಿ ವಾಸನೆ. ಯಾರು ಕೂತಿದ್ರೋ?"

"ಅದನ್ನ ಕೇಳ್ಬೇಡವ್ವ."

"ತೊಳೆದ್ರೆ ಹೋಗತ್ತೆ. ಗವುಸಿನ ಬಾಯಿಗೆ ಏನು ಹಾಕಿದ್ರು, ಗುಂಡೀನಾ?"

"ಜಿಪ್ಪು."

ಚೆಂಗ್ ಉಣ್ಣುವುದನ್ನು ನಿಲ್ಲಿಸಿದ. ಸತ್ತವರ ಮೈಮೇಲಾಗಲಿ ತಲೆಯ ಕೆಳಗಾಗಲಿ ಒಂದು ಚೂರು ಲೋಹವೂ ಇರಬಾರದು. ಇದ್ದರೆ ಅದೇ ಭಾರವಾಗಿ, ಹಿರಿಯರ ಊರಿಗೆ ಏರುವ ದಾರಿಯಲ್ಲಿ ಅವರು ಅರ್ಧಕ್ಕೇ ನಿಂತುಬಿಡುತ್ತಾರೆ. ಅದು ಅವನಿಗೂ ಗೊತ್ತಿತ್ತು. ಜಿಪ್ಪು ಹಾಕುತ್ತಾರೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ, ಪಾಪ, ಅಷ್ಟು ದೂರ ಅವನ ತಲೆ ಯಾವಾಗ ಓಡಿದೆ?

"ಕಿತ್ತುಹಾಕಿದೀನವ್ವ, ಪೂರ್ತಿ."

ಅವ್ವ ಹರಿದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸವರುತ್ತ ಹೋದಳು. ಅರ್ಧ ದಾಟಿದ ಮೇಲೆ ಬೆರಳು ನಿಂತಿತು. ಬ್ಲಿಯಾ ಬಗ್ಗಿ ನೋಡಿದಳು. ನೂಲಿನೊಳಗೆ ಜಿಪ್ಪಿನ ಒಂದೇ ಒಂದು ಹಲ್ಲು, ಎಳ್ಳುಕಾಳಿನಷ್ಟು, ಸಿಕ್ಕಿಕೊಂಡಿತ್ತು. ಅವಳು ಬಾಯಿ ಹಾಕಿ ಅದನ್ನು ಕಚ್ಚಿ ಕಿತ್ತು, ಒಲೆಯ ಬೂದಿಗೆ ಉಗಿದಳು.

ಚೆಂಗ್ ತಟ್ಟೆಯನ್ನು ಪಕ್ಕಕ್ಕಿಟ್ಟು, ದೀಪ ಎತ್ತಿಕೊಂಡು ಹತ್ತಿರ ಬಂದು ಹಿಡಿದ. ಅವ್ವನಿಗೆ ದೀಪದಿಂದ ಆಗಬೇಕಾದ್ದೇನೂ ಇರಲಿಲ್ಲ. ಅವಳು ಬಟ್ಟೆಯನ್ನು ತಿರುಗಿಸಿ, ಮೊದಲ ಮೂಲೆಯಿಂದ ಮತ್ತೆ ಸವರತೊಡಗಿದಳು.