ಚಪ್ಪಟೆ ಅಂದರೆ ಖರ್ಜೂರ

ನನ್ನ ಗಂಡ ನನ್ನನ್ನು ಅನುಮಾನದ ಪಿಶಾಚಿ ಎನ್ನುತ್ತಾನೆ. ಅಂದುಕೊಳ್ಳಲಿ. ಮೂರು ವರ್ಷದ ಮಗು ಒಂದು ಚೂರು ಅಕ್ರೋಟು ತಿಂದು, ತುಟಿ ಊದಿ, ಉಸಿರು ಸಿಕ್ಕದೆ ನೀಲಿಗಟ್ಟಿದ್ದನ್ನು ಕಂಡವಳು ನಾನು. ಗಂಡ ಆಗ ಸಮುದ್ರದ ಮೇಲೆ ಬಲೆ ಬೀಸುತ್ತಿದ್ದ. ಆ ಮಗಳು, ನಮ್ಮ ಜೂರಿಗೆ ಈಗ ಎಂಟು ವರ್ಷ. ಅಕ್ರೋಟು ಕೈಗೆ ಸೋಕಿದರೆ ಒಂದಿಷ್ಟು ಕೆರೆತ ಬಂದು ಹೋಗುತ್ತದೆ, ಒಂದು ತುತ್ತು ಒಳಗೆ ಇಳಿದರೆ ಮಾತ್ರ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೊಂದು ಸೂಜಿಮದ್ದು ಇದೆ, ಆದರೆ ಈಗ ಊರಿನ ಯಾವ ಔಷಧದ ಅಂಗಡಿಯಲ್ಲೂ ಇಲ್ಲ. ನನ್ನ ಚೀಲದಲ್ಲಿರುವುದು ಒಂದೇ, ಅದರ ಅವಧಿಯೂ ಹೋದ ಚಳಿಗಾಲದಲ್ಲೇ ಮುಗಿದಿದೆ.

ಇಷ್ಟೆಲ್ಲ ಭಯದ ನಡುವೆ ನಾನು ನಿಶ್ಚಿಂತೆಯಿಂದ ನಂಬಿದ್ದು ಮಅಮೂಲ್ ಎಂಬ ಸಿಹಿತಿಂಡಿಯನ್ನು. ಹಬ್ಬ ಬಂತೆಂದರೆ ನಮ್ಮ ಬಂದರು ಪಟ್ಟಣ ಮೀನಾದ ಪ್ರತಿ ಮನೆಯಲ್ಲೂ ರವೆಯ ಕಣಕಕ್ಕೆ ಹೂರಣ ತುಂಬಿ, ಮರದ ಅಚ್ಚಿಗೆ ಒತ್ತಿ, ಮೇಜಿನ ಅಂಚಿಗೆ ಟಪ್ಪೆಂದು ಬಡಿದು ಉದುರಿಸುವ ಸದ್ದೇ ಸದ್ದು. ಗುಮ್ಮಟದಂತಿದ್ದರೆ ಒಳಗೆ ಅಕ್ರೋಟು, ಉದ್ದಕ್ಕಿದ್ದರೆ ಪಿಸ್ತಾ, ಚಪ್ಪಟೆ ಬಿಲ್ಲೆಯಾದರೆ ಖರ್ಜೂರ. ಈ ಊರಲ್ಲಿ ರಾಜಕಾರಣಿ ಸುಳ್ಳು ಹೇಳಿಯಾನು, ನೆಂಟ ಸುಳ್ಳು ಹೇಳಿಯಾನು, ಮಅಮೂಲ್ ಹೇಳುವುದಿಲ್ಲ. ಹಾಗಾಗಿ ಜೂರಿಗೆ ಬುದ್ಧಿ ತಿಳಿದಾಗಿನಿಂದ ಒಂದೇ ಪಾಠ ಗಿಣಿಗೆ ಹೇಳಿದಂತೆ ಹೇಳಿದ್ದೆ. "ಚಪ್ಪಟೆ ಅಂದ್ರೆ ಖರ್ಜೂರ, ಖರ್ಜೂರ ಅಂದ್ರೆ ನಿಂದು. ಬೇರೆದನ್ನ ಮುಟ್ಟಬೇಡ."

ರಂಜಾನಿನ ಕೊನೆಯ ದಿನ ಮಧ್ಯಾಹ್ನ ನಾನೂ ಅವಳೂ ಹರಿವಾಣ ಹೊತ್ತು ಮಿಸ್ಬಾಹ್ ಮೇಸ್ತ್ರಿಯ ಬೇಕರಿಗೆ ಹೋದೆವು. ಮನೆಯಲ್ಲಿ ಕರೆಂಟಿಲ್ಲ, ಗ್ಯಾಸಿಗೆ ಬೆಂಕಿಯ ಬೆಲೆ. ಓಣಿಯವರೆಲ್ಲ ಹಬ್ಬದ ಮಅಮೂಲನ್ನು ಬೇಯಿಸುವುದು ಅವನ ಒಲೆಯಲ್ಲೇ. ಆಲಿವ್ ಡಬ್ಬಿಗಳೂ ಎಣ್ಣೆಯಲ್ಲಿ ಮುಳುಗಿಸಿದ ಗಟ್ಟಿ ಮೊಸರಿನ ಲಬ್ನೆ ಉಂಡೆಗಳೂ ಇರುವ ಗಾಜಿನ ಕಪಾಟಿನ ಎದುರು ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು.

"ಮೇಸ್ತ್ರಿ, ನನ್ನ ಹರಿವಾಣ ಬೆಳಿಗ್ಗೆಯಿಂದ ಇಲ್ಲೇ ಇದೆ. ಹಬ್ಬ ಈ ವರ್ಷದ್ದೋ, ಮುಂದಿನ ವರ್ಷದ್ದೋ?" ಎಂದ ಒಬ್ಬ.

"ಬೆಳಿಗ್ಗೆಯಿಂದ ಒಂದು ಸಿಗರೇಟು ಸೇದಿಲ್ಲಪ್ಪಾ ನಾನು. ಇನ್ನೊಂದ್ಸಲ ಕೇಳಿದ್ರೆ ನಿನ್ನನ್ನೇ ಒಲೆಗೆ ಹಾಕ್ತೀನಿ," ಎಂದ ಮಿಸ್ಬಾಹ್, ಉದ್ದ ಹಿಡಿಯ ಹಲಗೆಯನ್ನು ತಿರುಗಿಸುತ್ತ.

ಬೇಯಿಸಿಕೊಂಡವರು ನಾಲ್ಕಾರು ಮಅಮೂಲನ್ನು ಒಲೆಯ ಪಾಲೆಂದು ಕಿಟಕಿಯ ತಟ್ಟೆಯಲ್ಲಿಟ್ಟು ಹೋಗುವುದು ವಾಡಿಕೆ. ಬೇರೆ ದಿನವಾದರೆ ಕಾಯುವವರೆಲ್ಲ ಅದಕ್ಕೆ ಕೈ ಹಾಕುತ್ತಾರೆ. ಅಂದು ದೊಡ್ಡವರೆಲ್ಲ ಉಪವಾಸ, ಮೂಗಿಗೆ ಮಾತ್ರ ಹಬ್ಬ. ಮಿಸ್ಬಾಹ್ ಜೂರಿಯನ್ನು ಕಂಡು ತಟ್ಟೆ ಚಾಚಿದ. "ಬಾರೇ, ನನ್ನ ಮಣ್ಣು ಮಾಡೋಳೇ, ನಿನ್ನ ಚಪ್ಪಟೆ ತಗೋ."

ನಮ್ಮಲ್ಲಿ ಇದು ಮುದ್ದಿನ ಮಾತು. ನಿನಗಿಂತ ಮೊದಲು ನಾನು ಹೋಗಲಿ, ನೀನೇ ನನ್ನನ್ನು ಹೂಳು ಎಂಬ ಹಾರೈಕೆ. ಮಗಳು ನೀಲಿಗಟ್ಟಿದ ಆ ದಿನದಿಂದ ಯಾರು ಅದನ್ನು ಅಂದರೂ ನನಗೆ ಮೈ ಉರಿಯುತ್ತದೆ. ಜೂರಿ ಒಂದು ಬಿಲ್ಲೆ ಎತ್ತಿಕೊಂಡು, ನನ್ನತ್ತ ತೋರಿಸಿ, ನಾನು ತಲೆಯಾಡಿಸಿದ ಮೇಲೆ ಎಂದಿನಂತೆ ಹೊರಗೆ ಓಡಿದಳು. ಕೈಗೆ ತಿಂಡಿ ಸಿಕ್ಕರೆ ಒಳಗೆ ನಿಲ್ಲುವವಳಲ್ಲ. ಬಂದರಿನ ಬೆಕ್ಕುಗಳ ಜೊತೆ ಹಂಚಿಕೊಂಡು ತಿನ್ನುತ್ತಾಳೆ ಎಂದುಕೊಂಡಿದ್ದೆ.

ನನ್ನ ಹಿಂದೆ ನಿಂತಿದ್ದವರು ನಮ್ಮ ಓಣಿಯ ವಿದಾದಕ್ಕ. ಒಂದು ಹರಿವಾಣ ಆಗಲೇ ಬೆಂದಿತ್ತು, ಎರಡನೆಯದಕ್ಕೆ ಕಾಯುತ್ತಿದ್ದರು. ಬಾಯಿ ಸುಮ್ಮನಿದ್ದರೆ ಅವರಿಗೆ ಜ್ವರ ಬರುತ್ತದೆ.

"ನನ್ನ ಅಳಿಯ ಇದ್ದಾನಲ್ಲ, ಆ ಮಹಾನುಭಾವ, ನಿನ್ನೆ ಗುಮ್ಮಟದ ಅಚ್ಚಿನ ಮೇಲೆ ಕೂತ್ಬಿಟ್ಟ ಕಣೇ ಸಿಹಾಂ. ಅಜ್ಜಿ ಕಾಲದ ಅಚ್ಚು, ಎರಡು ಹೋಳು!"

"ಅಯ್ಯೋ. ಆಮೇಲೆ?"

"ಇನ್ನೇನು ಮಾಡ್ಲಿ? ಹಬ್ಬ ನಾಳೆ, ಅಕ್ರೋಟಿನ ಹೂರಣ ಕಲಸಿಟ್ಟಿದ್ದೀನಿ. ಎಲ್ಲಾನೂ ಚಪ್ಪಟೆ ಅಚ್ಚಿಗೇ ತುಂಬಿ ಬಡಿದೆ. ಮನೆಗೆ ಹೋಗಿ ಸಕ್ಕರೆ ಪುಡಿ ಉದುರಿಸಿದ್ರೆ ಗೊತ್ತಾಗುತ್ತಲ್ಲ, ಖರ್ಜೂರದ್ದಕ್ಕೆ ಯಾರೂ ಸಕ್ಕರೆ ಹಾಕಲ್ಲ."

ನಾನು ನಕ್ಕೆ. ಅಳಿಯ ಅಚ್ಚಿನ ಮೇಲೆ ಕೂತದ್ದು ಕಣ್ಣಿಗೆ ಕಟ್ಟಿತ್ತು. ನಗು ಇನ್ನೂ ಬಾಯಲ್ಲಿರುವಾಗಲೇ ಕಿಟಕಿಯತ್ತ ತಿರುಗಿದೆ.

"ಅಕ್ಕಾ, ಒಲೆಯ ಪಾಲು ಇಟ್ರಾ?"

"ಇಡದೆ ಇರ್ತೀನಾ? ಅಕ್ರೋಟಿನದೇ ಎರಡು ಇಟ್ಟೆ. ಜಿಪುಣಿ ಅಂದ್ಕೊಂಡ್ಯಾ?"

ಕಿಟಕಿಯ ತಟ್ಟೆ ಎಳೆದು ಚಪ್ಪಟೆಯಾಗಿದ್ದವನ್ನೆಲ್ಲ ಒಡೆದೆ. ಖರ್ಜೂರ, ಖರ್ಜೂರ, ಖರ್ಜೂರ. ಆಮೇಲೊಂದು ಒಡೆದಾಗ ಕಂದು ಚೂರುಗಳು ಅಂಗೈಗೆ ಉದುರಿದವು. ಮುಂದಿನದು ಖರ್ಜೂರ, ಕೊನೆಯದೂ ಖರ್ಜೂರ. ಅಕ್ರೋಟಿನ ಇನ್ನೊಂದು ಇರಲಿಲ್ಲ.

"ಮೇಸ್ತ್ರಿ, ಇದ್ರಿಂದ ಬೇರೆ ಯಾರು ತಗೊಂಡ್ರು?"

ಮಿಸ್ಬಾಹ್‌ನ ಮುಖ ಒಲೆಯ ಎದುರಲ್ಲೂ ಬಿಳಿಚಿಕೊಂಡಿತು. "ಯಾರೂ ಇಲ್ಲ, ಜೂರಿ ಅಮ್ಮಾ. ಎಲ್ಲರೂ ಉಪವಾಸ. ನಿನ್ನ ಮಗಳೊಬ್ಬಳೇ."

ಹೇಗೆ ಹೊರಗೆ ಬಂದೆನೋ ತಿಳಿಯದು. ಯಾರದೋ ಹರಿವಾಣ ಉರುಳಿತು, ಯಾರೋ ಬೈದರು. ಓಣಿಯಲ್ಲಿ ಹುಡುಗರು ಪಟಾಕಿ ಹಚ್ಚುತ್ತಿದ್ದರು. ಜೂರಿ ಎಲ್ಲಿ ಎಂದರೆ ಒಬ್ಬ ಬಂದರಿನತ್ತ ಕೈ ತೋರಿಸಿದ. ಓಡುತ್ತ ಅವಳ ಹೆಸರು ಕೂಗಲು ನೋಡಿದೆ. ಬೆಳಗಿನಿಂದ ನೀರು ಕಾಣದ ಗಂಟಲು, ಸ್ವರವೇ ಹೊರಡಲಿಲ್ಲ. ಅರ್ಧ ದಾರಿಯಲ್ಲಿ ಹೆಗಲು ಮುಟ್ಟಿಕೊಂಡರೆ ಚೀಲವಿಲ್ಲ. ಸೂಜಿಯಿದ್ದ ಚೀಲ ಬೇಕರಿಯ ಕಪಾಟಿನ ಮೇಲೇ ಉಳಿದಿತ್ತು. ಹಿಂದಕ್ಕೆ ಹೋಗಲೋ, ಮುಂದಕ್ಕೆ ಹೋಗಲೋ? ಜೀವನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಮುಂದಕ್ಕೇ ಓಡಿದೆ.

ಬಣ್ಣ ಹಚ್ಚಲು ಮಗುಚಿ ಹಾಕಿದ್ದ ಒಂದು ದೋಣಿಯ ಮರೆಯಲ್ಲಿ, ನನಗೆ ಬೆನ್ನು ಹಾಕಿ, ತಲೆ ತಗ್ಗಿಸಿ ಕೂತಿದ್ದಳು. ಅಲುಗಾಡುತ್ತಿರಲಿಲ್ಲ. ಭುಜ ಹಿಡಿದು ತಿರುಗಿಸಿದೆ.

"ತಿಂದ್ಯಾ? ಮಗಳೇ, ತಿಂದ್ಯಾ? ಬಾಯಿ ತೆಗಿ!"

ಅವಳು ಗಾಬರಿಯಿಂದ ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. ಮಡಿಲಲ್ಲಿ ಬಿಲ್ಲೆ ಎರಡು ಹೋಳಾಗಿತ್ತು.

"ಇದು ಚಪ್ಪಟೆನೇ, ಆದ್ರೆ ಒಳಗೆ ಅಕ್ರೋಟಿದೆ ಅಮ್ಮಾ," ಎಂದಳು ಮೆಲ್ಲಗೆ. "ನಾನು ತಿಂದಿಲ್ಲ. ಮುಟ್ಟಿದೆ ಅಷ್ಟೆ."

ಅವಳ ಕೈಗಳನ್ನು ಸಮುದ್ರದ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ನನ್ನ ಕೈಯಲ್ಲೂ ಅದೇ ಚೂರುಗಳಿದ್ದವೆಂದು ಆಮೇಲೆ ಹೊಳೆದು ಮತ್ತೊಮ್ಮೆ ಇಬ್ಬರದೂ ತೊಳೆದೆ. ಮುಟ್ಟಿದ ಬೆರಳು ತುಟಿಗೆ ಹೋಗಿದ್ದರೆ? ಅವಳ ಗಲ್ಲ ಹಿಡಿದು ತುಟಿಯನ್ನೇ ನೋಡುತ್ತ ಕೂತೆ. ಉಸಿರಿಗೆ ಕಿವಿ ಕೊಟ್ಟೆ. ಬೆರಳ ಸಂದಿಯಲ್ಲಿ ಕೆಂಪು ಗಂದೆ ಎದ್ದವು, ಅಲ್ಲಿಗೇ ನಿಂತವು. ತುಟಿ ತುಟಿಯಾಗಿಯೇ ಉಳಿಯಿತು. ವಿದಾದಕ್ಕ ಅಷ್ಟು ದೊಡ್ಡ ಮೈ ಹೊತ್ತು, ನನ್ನ ಚೀಲ ಎದೆಗವಚಿಕೊಂಡು, ಅಳುತ್ತ ಓಡಿಬಂದರು. ಮಗು ಕೂತಿರುವುದನ್ನು ಕಂಡು ಅಲ್ಲೇ ನೆಲದ ಮೇಲೆ ಕುಸಿದು ದೇವರ ಹೆಸರು ಹೇಳತೊಡಗಿದರು.

ಆಗ ನನಗೆ ಕೇಳಬೇಕೆನಿಸಿತು.

"ಚಪ್ಪಟೆ ಆದ್ರೆ ತಿನ್ನಬಹುದು ಅಂತ ನಾನೇ ಹೇಳಿಕೊಟ್ಟಿದ್ದೆ. ಮತ್ತೆ ಯಾಕೆ ಒಡೆದು ನೋಡಿದೆ?"

ಜೂರಿ ತಪ್ಪು ಮಾಡಿದವಳಂತೆ ಕೆಳಗೆ ನೋಡಿದಳು. "ನಾನು ಯಾವಾಗ್ಲೂ ಒಡೆದೇ ನೋಡೋದು."

"ಮೇಸ್ತ್ರಿ ಕೊಟ್ಟಿದ್ದನ್ನ?"

"ಎಲ್ಲಾನೂ."

"ನಾನು ಕೊಟ್ಟಿದ್ದನ್ನೂ? ಮನೇಲಿ ನಾನೇ ಮಾಡಿದ್ದನ್ನೂ?"

ಅವಳು ಹೌದೆಂದು ತಲೆಯಾಡಿಸಿದಳು. "ನಿನ್ನ ಮುಂದೆ ಒಡೆದ್ರೆ ನಿಂಗೆ ಹೆದ್ರಿಕೆ ಆಗುತ್ತೆ. ಅದಕ್ಕೇ ಹೊರಗೆ ಬರ್ತೀನಿ."

ನನ್ನ ಭಯವೆಲ್ಲ ನನ್ನೊಬ್ಬಳದೇ, ಮಗುವಿಗೆ ಅದರ ಗಾಳಿಯೂ ತಾಗದಂತೆ ಸಾಕಿದ್ದೇನೆ ಎಂದು ನಾನು ಬೀಗುತ್ತಿದ್ದೆ. ಈ ಎಂಟು ವರ್ಷದ ಜೀವ ಸಿಹಿ ತಿನ್ನಲೆಂದು ದೋಣಿಯ ಮರೆ ಹುಡುಕುತ್ತಿತ್ತು. ನನ್ನಿಂದ ಬಚ್ಚಿಟ್ಟುಕೊಂಡು ತಾನೂ ಹೆದರುತ್ತಿತ್ತು. ಮಗಳು ಬದುಕಿದ ಸಂತೋಷಕ್ಕೂ ಈ ಸಂಕಟಕ್ಕೂ ಎದೆಯಲ್ಲಿ ಒಟ್ಟಿಗೆ ಜಾಗವಿರಲಿಲ್ಲ.

"ಇನ್ಮೇಲೆ ನನ್ನ ಮುಂದೇನೇ ಒಡಿ ಮಗಳೇ. ನಾವಿಬ್ರೂ ಒಟ್ಟಿಗೆ ನೋಡೋಣ," ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷೆ ಮಾಡಿದಳು.

"ನೀನು ಅಳ್ತೀಯ."

"ಇಲ್ಲ, ಅಳಲ್ಲ."

"ಈಗ್ಲೇ ಅಳ್ತಿದ್ದೀಯಲ್ಲ," ಎಂದಳು ಜೂರಿ.