ಹದಿನೈದು ನಿಮಿಷದ ಬೆಳಕು

ನನ್ನನ್ನು ಮಾಡಲು ತಗುಲಿದ್ದು ಇಷ್ಟು: ಅಂಗೈಯಗಲದ ತೆಳು ಗಾಜು, ಒಂದು ಚಿಟಿಕೆ ಬೆಳ್ಳಿ, ಯಾವ ಊರಿನದೋ ದನದ ಮೂಳೆ ಬೇಯಿಸಿ ತೆಗೆದ ಅಂಟು. ನಾನು ದೂರದರ್ಶಕಕ್ಕೆ ಸಿಕ್ಕಿಸುವ ಫೋಟೋ ಪ್ಲೇಟು. ಹುಟ್ಟಿದ್ದು ಕತ್ತಲಲ್ಲಿ, ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಬಂದದ್ದೂ ಕಪ್ಪು ಕಾಗದದೊಳಗೆ. ನನ್ನಂಥವರು ಆಕಾಶ ನೋಡುವುದು ಒಂದೇ ಸಲ. ಆಗ ಬಿದ್ದ ಬೆಳಕನ್ನು ಕಪ್ಪಾಗಿ ಬರೆದಿಡುತ್ತೇವೆ.

ಬೆಟ್ಟದಲ್ಲಿ ನನ್ನನ್ನು ಮೊದಲು ಮುಟ್ಟಿದ್ದು ಒಂದು ತುಟಿ. ಕತ್ತಲ ಕೋಣೆಯಲ್ಲಿ ಮುನಿಶಾಮಪ್ಪನವರು ನನ್ನ ಮೂಲೆಯನ್ನು ತುಟಿಗೆ ತಾಗಿಸಿದರು. ಅಂಟು ಬಳಿದ ಮೈ ತುಟಿಗೆ ಹತ್ತುತ್ತದೆ. ಆ ಮೈ ಆಕಾಶದ ಕಡೆಗಿರಬೇಕು. ಇಪ್ಪತ್ತಾರು ವರ್ಷದಿಂದ ಅವರ ಕೆಲಸ ಒಂದೇ. ದೂರದರ್ಶಕದ ಪಕ್ಕಕ್ಕೆ ಕೂರಿಸಿದ ಸಣ್ಣ ದುರ್ಬೀನಿಗೆ ಕಣ್ಣಿಟ್ಟು, ಜೇಡರ ಬಲೆಯ ಎಳೆಯಿಂದ ಮಾಡಿದ ಅಡ್ಡಗೆರೆಗಳ ಮೇಲೆ ಒಂದು ನಕ್ಷತ್ರವನ್ನು ಅಲುಗದಂತೆ ಕಾಯುವುದು. ಅದು ಸರಿದರೆ ಚಿತ್ರ ಗೀಚಿದಂತಾಗುತ್ತದೆ. ಕಣ್ಣು ಮಂಜಾದವರನ್ನು ಕೆಳಗಿನ ಕಚೇರಿಗೆ ಕಳಿಸಿಬಿಡುತ್ತಿದ್ದರು. ಮುನಿಶಾಮಪ್ಪನವರಿಗಿದ್ದ ಭಯ ಅದೊಂದೇ.

ಆ ರಾತ್ರಿ ವೀಕ್ಷಣಾಲಯದ ವಿಜ್ಞಾನಿ ಭಾಗೀರಥಿ ಮೇಡಂ ಒಂದು ಸುರುಳಿ ಗೆಲಾಕ್ಸಿಯ ಬೆಳಕನ್ನು ಎರಡು ಗಂಟೆ ಹಿಡಿಯಲು ಹೇಳಿ ಪಕ್ಕದ ಕೋಣೆಗೆ ಹೋದರು. ಮುಚ್ಚಳ ತೆರೆಯಿತು. ಗುಮ್ಮಟದೊಳಗೆ ಒಬ್ಬರ ಉಸಿರು ಬಿಟ್ಟರೆ ಸದ್ದಿಲ್ಲ. ನಾಲ್ಕು ಕೋಟಿ ವರ್ಷ ನಡೆದು ಬಂದದ್ದೇನೋ ನನ್ನ ಮೇಲೆ ತಣ್ಣಗೆ ಕೂತಿತು. ಅದಕ್ಕೆ ತೂಕವಿರಲಿಲ್ಲ. ಆದರೂ ನಾನು ಒಳಗೊಳಗೇ ಬದಲಾಗುತ್ತಿದ್ದೆ.

ಹದಿನೈದೇ ನಿಮಿಷಕ್ಕೆ ಮುಚ್ಚಳ ಬಿತ್ತು. ಮೋಡ ಬಂತು ಎಂದರು ಮುನಿಶಾಮಪ್ಪನವರು. ಮೇಡಂ ಹೊರಗೆ ಹೋಗಿ ಆಕಾಶ ನೋಡಿ ಬಂದು, ಚಿತ್ರ ಮೂಡಿಸಲು ನನ್ನನ್ನು ಕೆಂಪು ದೀಪದಡಿ ತೊಳೆದರು.

ಹಿಂದಿನ ಪ್ಲೇಟುಗಳಲ್ಲೆಲ್ಲ ಬೆಳಕು ಅತಿಯಾಗಿ ಗೆಲಾಕ್ಸಿಯ ನಡುಭಾಗ ಬರೀ ಕರಿ ಮುದ್ದೆಯಾಗಿತ್ತಂತೆ. ನನ್ನಲ್ಲಿ ಅದು ಬಿಡಿಬಿಡಿಯಾಗಿತ್ತು: ಉಂಗುರದಂತೆ ಕೂತ ಆರು ಚುಕ್ಕೆ, ರೆಪ್ಪೆ ಬಡಿಯದ ಕಣ್ಣುಗಳ ಹಾಗೆ. ಒಂದೊಂದೂ ಸಾವಿರಾರು ನಕ್ಷತ್ರ ಹುಟ್ಟುವ ಜಾಗವೆಂದು ಮೇಡಂ ವಿವರಿಸಿದರು. ಅವುಗಳಲ್ಲಿ ದೊಡ್ಡವಕ್ಕೆ ಆಯಸ್ಸು ಕಡಿಮೆ. ಈ ಬೆಳಕು ಇಲ್ಲಿಗೆ ಮುಟ್ಟುವಷ್ಟರಲ್ಲಿ ಅವೆಲ್ಲ ಸತ್ತು ಹೋಗಿವೆ ಎಂದೂ ಹೇಳಿದರು.

"ಅಂಗಾದ್ರೆ ನಾವ್ ಇಣುಕಿದ್ದು ತೊಟ್ಟಿಲೋ ಗೋರಿಯೋ?" ಎಂದರು ಮುನಿಶಾಮಪ್ಪನವರು, ನನ್ನ ಮೇಲೆ ಬೆರಳಿಟ್ಟು. ಬೆರಳು ಬರಿಗಾಜಿನ ಮೇಲಿತ್ತು. ಚುಕ್ಕೆಗಳು ಅಲ್ಲಿರಲಿಲ್ಲ.

ಮೇಡಂ ಅದನ್ನು ನೋಡಿದರು. ಬೇಗ ಮುಚ್ಚಿದ ಕಾರಣವನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕಿತ್ತು.

"ಮೋಡ ಅಂತ ಬರೆದ್ರೆ, ಅದು ಬೆಳಕನ್ನ ಮುಸುಕಿತ್ತು ಅಂತ ಈ ಅಳತೆನ ಯಾರೂ ನಂಬಲ್ಲ ಮುನಿಶಾಮಪ್ಪ. ಪ್ಲೇಟು ಕಸಕ್ಕೆ ಹೋಗುತ್ತೆ. ಆದ್ರೂ ನೀವು ಹೇಳಿದ್ದನ್ನೇ ಬರೀತೀನಿ."

ಮುನಿಶಾಮಪ್ಪನವರು ನನ್ನ ಮೇಲಿಂದ ಬೆರಳು ತೆಗೆದರು.

"ಮೋಡ ಇರ್ಲಿಲ್ಲ ಮೇಡಮ್ಮೋರೆ. ನನ್ ಕಣ್ಣಾಗೇ ನಕ್ಷತ್ರ ಆರೋಯ್ತು. ಆರಿದ ತಕ್ಷಣ ಮುಚ್ದೆ. ಅಂಗೇ ಬರ್ಕಳಿ."

ಮೇಡಂ ಹಾಗೇ ಬರೆದರು. ತಿಂಗಳೊಳಗೆ ಮುನಿಶಾಮಪ್ಪನವರನ್ನು ಕೆಳಗಿನ ಕಚೇರಿಗೆ ಹಾಕಿದರು. ನನ್ನ ಅಳತೆಯನ್ನು ದೂರದೇಶದವರೂ ಒಪ್ಪಿದರಂತೆ. ಈಗ ಪ್ಲೇಟುಗಳ ಕಾಲ ಮುಗಿದಿದೆ. ಕಬ್ಬಿಣದ ಬೀರುವಿನಲ್ಲಿ ಕಾಗದ ಸುತ್ತಿಕೊಂಡು ನಿಂತಿದ್ದೇನೆ. ಹೊರಗೆ ಹಗಲೋ ಇರುಳೋ ಗೊತ್ತಾಗುವುದಿಲ್ಲ. ಸತ್ತ ನಕ್ಷತ್ರಗಳು ಹುಟ್ಟುತ್ತಲೇ ಇರುವುದು ಮಾತ್ರ ನನ್ನ ಮೈಮೇಲೆ ನಿಂತಿಲ್ಲ.

ಜನ ಅದುವರೆಗೆ ಕಾಣದ ಆರು ಜಾಗಗಳು ಕಂಡವು. ಮುನಿಶಾಮಪ್ಪನವರು ಮತ್ತೆ ಬೆಟ್ಟ ಹತ್ತಲಿಲ್ಲ.