ಗುಬುಟು ತಲೆಯ ಗಂಡು

ಸಂಗ್ರಹಾಲಯದ ಜೇಡ ವಿಭಾಗದಲ್ಲಿ ಈಗ ಅವಳೊಬ್ಬಳೇ. ಸಾಸಿವೆ ಕಾಳಿನಷ್ಟಿರುವ ಕುಳ್ಳ ಜೇಡಗಳ ಒಂದೇ ಕುಲವನ್ನು ವರ್ಷಗಟ್ಟಲೆ ನೋಡಿ ಕಣ್ಣು, ಕತ್ತು, ಸೊಂಟ ಎಲ್ಲವೂ ಸೋತಿದ್ದವು. ಆ ಕುಲದ ಕೊನೆಯ ಪ್ರಭೇದವನ್ನು ಗುರುತಿಸಿದವರು ಅವಳ ಗುರುಗಳು. ಸಿಕ್ಕಿದ್ದು ಹೆಣ್ಣು ಮಾತ್ರ. ಅದಕ್ಕೆ ಹೆಂಡತಿಯ ಹೆಸರಿಟ್ಟು, ಮರುವರ್ಷವೇ ತೀರಿಕೊಂಡಿದ್ದರು.

ಪಾಚಿಯ ಜೊತೆ ಜೀವಂತ ತಂದಿದ್ದ ಜೇಡಗಳಲ್ಲಿ ಅದೇ ಪ್ರಭೇದದ ಹೆಣ್ಣು, ಎಂದೋ ಹೆಸರು ಪಡೆದಿದ್ದ ಇನ್ನೊಂದು ಪ್ರಭೇದದ ಗಂಡಿನ ತಲೆಯ ಮೇಲೆ ಉಬ್ಬಿದ ಗುಬುಟಿಗೆ ಬಾಯಿಟ್ಟು ಕೂಡುವುದನ್ನು ಅವಳು ಕಂಡಳು. ಮರಿಗಳು ಬೆಳೆದ ಮೇಲೆ ಅನುಮಾನ ಉಳಿಯಲಿಲ್ಲ. ಎರಡೂ ಒಂದೇ ಪ್ರಭೇದ. ನಿಯಮದಂತೆ ಮೊದಲಿಟ್ಟ ಹೆಸರು ಉಳಿಯಬೇಕು, ಅವಳು ಅಮ್ಮ ಎಂದೇ ಕರೆಯುತ್ತಿದ್ದ ಗುರುಪತ್ನಿಯ ಹೆಸರು ಬೀಳಬೇಕು.

ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ಕೆಲಸ ಮುಗಿಸಿ ಕಾಲೆಳೆಯುತ್ತ ಗುರುಗಳ ಮನೆಗೆ ಹೋದಳು. ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ಉಳಿಯೋದು ಯಾರ ಹೆಸರು?” ಎಂದರು.

“ಯಾರದ್ದೂ ಅಲ್ಲಮ್ಮ. ಗುಬುಟು ತಲೆಯದು ಅಂತ ಅರ್ಥ, ಅಷ್ಟೆ.”

“ನನಗಿಂತ ಗುಬುಟೇ ಮೇಲಾಯ್ತು ಅನ್ನು.” ನಗಲು ಹೋದರು, ನಗು ಬರಲಿಲ್ಲ. “ಒಂದು ಸೀರೆ ತಂದವರಲ್ಲ, ಒಂದು ಹೂವು ತಂದವರಲ್ಲ. ಕೊಟ್ಟಿದ್ದು ಇದೊಂದೇ. ನೀನು ಸುಮ್ಮನಿದ್ದಿದ್ರೆ ಏನಾಗ್ತಿತ್ತೇ?”

“ನಾಳೆ ಇನ್ಯಾರೋ ನೋಡ್ತಾರೆ. ಆಗ ತಪ್ಪು ಮಾಡಿದ್ರು ಅಂತ ಗುರುಗಳನ್ನೇ ಆಡ್ಕೋತಾರೆ. ನಾನು ಬರೆದ್ರೆ, ಅವರಿಗೆ ಗಂಡು ಸಿಕ್ಕಿರಲಿಲ್ಲ ಅಂತ ಬರೀತೀನಿ.”

ಅಮ್ಮ ಆಗಲೇ ಮಡಿಸಿಟ್ಟಿದ್ದ ರವಿಕೆಯೊಂದನ್ನು ಬಿಚ್ಚಿ ಮತ್ತೆ ಮಡಿಸಿದರು. ಅವಳಿಗೆ ಎದ್ದು ಹೋಗಲೂ ಮನಸ್ಸಾಗಲಿಲ್ಲ, ಕೂರಲೂ ಆಗಲಿಲ್ಲ.

“ಅದನ್ನ ನಾನು ನೋಡೇ ಇಲ್ಲ,” ಎಂದರು ಅಮ್ಮ ಕೊನೆಗೆ. “ಕರೆದುಕೊಂಡು ಹೋಗ್ತೀಯಾ?”

ಮರುದಿನ ಅವರ ಕೈಹಿಡಿದು ಮೆಟ್ಟಿಲು ಹತ್ತಿಸಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಅಮ್ಮ ಕನ್ನಡಕ ತೆಗೆದು ಬಗ್ಗಿದರು.

“ಕಾಲೆಲ್ಲ ಎಷ್ಟು ನಾಜೂಕು,” ಎಂದರು. “ಇದಕ್ಕಾ ಅವರು ನನ್ನ ಹೆಸರಿಟ್ಟಿದ್ದು?”

“ಹೂಂ ಅಮ್ಮ.”

ಕಣ್ಣೊರೆಸಿಕೊಂಡು ಗಂಡು ಜೇಡವನ್ನೂ ನೋಡಿದರು. ಬಾಗಿಲು ಹಾಕುವ ಹೊತ್ತಾಗಿದೆ ಎಂದು ಕಾವಲುಗಾರ ಬಂದು ನಿಂತಾಗಲೇ ಎದ್ದದ್ದು.

“ಆಯ್ತು, ಬರಿ,” ಎಂದರು, ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ. “ಇವತ್ತು ಬೇಡ. ಹೇಗೆ ಬಾಡಿ ಹೋಗಿದ್ದೀಯ ನೋಡು. ಮೊದಲು ಮನೆಗೆ ಹೋಗಿ ಮಲ್ಕೋ.”